ಓಡಿಸುವುದು ಮಗ, ದಂಡ ಅಪ್ಪನ ಹೆಸರಿಗೆ: ಬಾಕಿ ಎಲ್ಲಿ ನೋಡುವುದು?

ಕಾರು ಹಾಸನದ್ದು, ಕೆಎ-13. ಓಡಿಸುತ್ತಿರುವುದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ. ಸಂಚಾರ ನಿಯಮ ಮುರಿದಾಗ ರಸ್ತೆಯ ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟು ಮಾತ್ರ. ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. "ಏನೂ ಇಲ್ಲ ಅಪ್ಪಾ" ಅನ್ನುವ ಮಾತಿಗಿಂತ ನೀವೇ ಒಮ್ಮೆ ನೋಡುವುದು ಮೇಲು.

ಕೇಂದ್ರದ ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಜೊತೆ ಚಾಸಿ ಅಥವಾ ಇಂಜಿನ್ ನಂಬರಿನ ಕೊನೆಯ 5 ಅಂಕಿ ಕೇಳುತ್ತದೆ. ಆರ್‌ಸಿ ನಿಮ್ಮ ಬೀರುವಿನಲ್ಲೇ ಇದ್ದರೆ ಎರಡು ನಿಮಿಷದ ಕೆಲಸ. ಮಗ ಗೋವಾಕ್ಕೋ ಕೇರಳಕ್ಕೋ ಹೋಗಿ ಬಂದಿದ್ದರೆ ಮೊದಲು ಇಲ್ಲೇ ನೋಡಿ. ಡಿಎಲ್ ನಂಬರ್ ಹಾಕಿಯೂ ಹುಡುಕಬಹುದು, ಆದರೆ ಕ್ಯಾಮೆರಾ ಕೇಸಿಗೆ ಅದು ಅಷ್ಟಾಗಿ ಉಪಯೋಗವಿಲ್ಲ.

ಗಾಡಿ ಬೆಂಗಳೂರು ಬಿಟ್ಟು ಕದಲಿಲ್ಲವೆಂದರೆ ರಾಜ್ಯ ಸರ್ಕಾರದ ಕರ್ನಾಟಕ ಒನ್ ಜಾಲತಾಣ ಸರಿ. ಪೊಲೀಸ್ ದಂಡದ ವಿಭಾಗದಲ್ಲಿ ನಂಬರ್ ಹಾಕಿದರೆ ಬಾಕಿ ಕಾಣುತ್ತದೆ, ಅಲ್ಲೇ ಕಟ್ಟಲೂಬಹುದು. ನನ್ನ ಆಯ್ಕೆ ಇದೇ. ಆದರೂ ಇಲ್ಲಿ ಸೊನ್ನೆ ಬಂತೆಂದು ನಿರಾಳವಾಗಬೇಡಿ, ಪರಿವಾಹನ್‌ನಲ್ಲೂ ಒಮ್ಮೆ ಹಾಕಿ ನೋಡಿ.

ಸಂಚಾರ ಠಾಣೆಗೆ ಹೋಗುವುದು ತಕರಾರಿದ್ದಾಗ ಮಾತ್ರ: ಫೋಟೋದಲ್ಲಿರುವುದು ನಿಮ್ಮ ಕಾರೇ ಅಲ್ಲ ಅನ್ನಿಸಿದರೆ.

ಮೆಸೇಜಿನಲ್ಲಿ ಬರುವ "ಇ-ಚಲನ್" ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಮಾತ್ರ ಒತ್ತಲೇಬೇಡಿ, ಅದು ಬ್ಯಾಂಕ್ ಖಾತೆ ಗುಡಿಸುವ ಮೋಸ. ಇನ್ನು ರಿಯಾಯಿತಿಗೆ ಕಾಯುವ ಜಾಣರೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ಬಿಟ್ಟಿತ್ತು ನಿಜ. ಆದರೆ ಕಾರು ಮಾರುವ ಯೋಚನೆಯಿದ್ದರೆ ಕಾಯಬೇಡಿ, ಕೊಳ್ಳುವವರು ಮೊದಲು ನೋಡುವುದೇ ಈ ಬಾಕಿಯನ್ನು.