ಪುಣೆಯಿಂದ ಪಣಜಿಗೆ: ಸೀಟಿನ ಹುಣ್ಣಿಗೆ ಏನೇನು ಹಚ್ಚಿ ನೋಡಿದೆ

ಪುಣೆಯಲ್ಲಿ ಸೈಕಲ್ ಹೊಡೆಯುವ ನಾಲ್ಕು ಜನ ಕನ್ನಡದವರು ಸೇರಿದರೆ ಗೇರು, ಟೈರಿನ ಮಾತು ಜೋರಾಗಿಯೇ ನಡೆಯುತ್ತದೆ. ಕುಂಡಿಯ ಹುಣ್ಣಿನ ಮಾತು ಮಾತ್ರ ಪಕ್ಕಕ್ಕೆ ಕರೆದು, ಮೆಲ್ಲಗೆ. ಪ್ರಶ್ನೆಯೂ ಒಂದೇ: ಯಾವ ಕ್ರೀಮ್ ಹಚ್ಚುತ್ತೀರಿ? ನನ್ನ ಲೆಕ್ಕದಲ್ಲಿ ಪ್ಯಾಡ್ ಇರುವ ಸೈಕಲ್ ಚಡ್ಡಿ ಮೊದಲು, ಸೀಟು ಆಮೇಲೆ, ಕ್ರೀಮ್ ಕೊನೆಗೆ. ಆದರೂ ಎಲ್ಲರೂ ಕೇಳುವುದು ಕ್ರೀಮನ್ನೇ ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ದಾರಿ ಪ್ರತಿಸಲವೂ ಒಂದೇ: ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಆಮೇಲೆ ಚೋರ್ಲಾ ಘಾಟ್ ಇಳಿದು ಪಣಜಿ. ಹೆಚ್ಚುಕಡಿಮೆ 450 ಕಿ.ಮೀ.

ತೆಂಗಿನೆಣ್ಣೆ ಅಗ್ಗ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ಹೊರಟರೆ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಮೈಗೆ ತಾಗಿದ್ದೇ ನೀರು. ಖಂಬಾಟ್ಕಿ ಘಾಟ್ ದಾಟುವಷ್ಟರಲ್ಲಿ ಎಲ್ಲಾ ಚಡ್ಡಿಯ ಪ್ಯಾಡಿಗೆ ಇಳಿದಿರುತ್ತದೆ. ಅರ್ಧ ದಿನದ ಸವಾರಿಗೆ ಸಾಕು, ಅಷ್ಟೇ.

ವ್ಯಾಸಲೀನ್ ಅದಕ್ಕಿಂತ ಬಹಳ ಹೊತ್ತು ನಿಲ್ಲುತ್ತದೆ. ತೊಂದರೆ ಶುರುವಾಗುವುದು ರಾತ್ರಿ, ಲಾಡ್ಜಿನ ಬಕೆಟ್ಟಿನ ಮುಂದೆ. ತಣ್ಣೀರು, ಸೋಪಿಗೆ ಅದು ಬಿಡುವುದೇ ಇಲ್ಲ. ಜಿಡ್ಡು ಕುಡಿದ ಪ್ಯಾಡ್ ಮರುದಿನ ಬೆವರು ಹೀರುವುದಿಲ್ಲ.

ಸೈಕಲ್ ಅಂಗಡಿಯವರು ಮಾರುವ, ಸವಾರರಿಗೆಂದೇ ಮಾಡಿದ ಶ್ಯಾಮಿ ಕ್ರೀಮ್ ಉಜ್ಜಾಟ ತಡೆಯುವುದರಲ್ಲಿ ಇವೆರಡಕ್ಕಿಂತ ಮೇಲು. ನಾನು ತಂದಿದ್ದು ನೀರಿಗೆ ಸಲೀಸಾಗಿ ಬಿಟ್ಟಿತು. ಬೆಲೆ ಮಾತ್ರ ಜಾಸ್ತಿ. ಮೆಂಥಾಲ್ ಇರುವುದನ್ನು ತರಬೇಡಿ. ಚರ್ಮ ಚೆನ್ನಾಗಿದ್ದಾಗ ತಂಪು, ಸುಲಿದಿದ್ದರೆ ಬೆಂಕಿ.

ಪೌಡರಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬೆವರಿಗೆ ಕಲಸಿದ ಹಿಟ್ಟಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮಕ್ಕಳ ಡೈಪರ್ ಕ್ರೀಮ್, ಜಿಂಕ್ ಆಕ್ಸೈಡ್ ಇರುವಂಥದ್ದು. ಆದರೆ ಹಗಲಿಗಲ್ಲ. ಅದು ದಪ್ಪ, ಚಡ್ಡಿಗೆ ಬಿಳಿ ಕಲೆ ಬೇರೆ. ರಾತ್ರಿ ಸ್ನಾನ ಮಾಡಿ, ಚೆನ್ನಾಗಿ ಒಣಗಿಸಿಕೊಂಡು, ಕೆಂಪಾದಲ್ಲಿ ಹಚ್ಚಿ, ಲುಂಗಿ ಸುತ್ತಿ ಮಲಗಬೇಕು. ಒಳಚಡ್ಡಿ ಬೇಡ. ಬೆಳಿಗ್ಗೆಗೆ ಉರಿ ಅರ್ಧ ಇಳಿದಿರುತ್ತದೆ.

ಇನ್ನು ಚಡ್ಡಿ. ಹುಣ್ಣಿಗೆ ಕಾರಣ ಉಜ್ಜಾಟ, ಭಾರ, ಒದ್ದೆ, ಅದರ ಮೇಲೆ ಕೂದಲ ಬುಡಕ್ಕೆ ಸೇರುವ ಬ್ಯಾಕ್ಟೀರಿಯಾ. ಪ್ಯಾಡ್ ಇರುವ ಚಡ್ಡಿಯೊಳಗೆ ಇನ್ನೊಂದು ಒಳಚಡ್ಡಿ ಹಾಕಿದರೆ ಅದರ ಹೊಲಿಗೆಯೇ ತೊಡೆಸಂದಿಯನ್ನು ಕೊಯ್ಯುತ್ತದೆ. ಅಗ್ಗದ ದಪ್ಪ ಜೆಲ್ ಪ್ಯಾಡ್ ಅಂಗಡಿಯಲ್ಲಿ ಒತ್ತಿ ನೋಡಿದರೆ ಮೆತ್ತಗೆ, ಸಾತಾರಾ ದಾಟಿದ ಮೇಲೆ ಒದ್ದೆ ಮುದ್ದೆ. ತೆಳ್ಳಗಿದ್ದರೂ ಗಟ್ಟಿ ಫೋಮಿನ ಪ್ಯಾಡೇ ವಾಸಿ.

ಆದರೆ ಯಾವ ಚಡ್ಡಿಯಾದರೂ ಪ್ರತಿ ರಾತ್ರಿ ಒಗೆಯದಿದ್ದರೆ ದಂಡ. ಹಿಂಡಬೇಡಿ, ಪ್ಯಾಡ್ ಮುದುಡುತ್ತದೆ. ಟವೆಲ್ಲಿನೊಳಗೆ ಸುರುಳಿ ಸುತ್ತಿ, ನೆಲಕ್ಕಿಟ್ಟು, ಮೇಲೆ ನಿಂತು ತುಳಿಯಿರಿ. ನೀರೆಲ್ಲ ಟವೆಲ್ಲಿಗೆ ಬರುತ್ತದೆ. ಪ್ಯಾಡ್ ಹೊರಗೆ ಮಾಡಿ ಫ್ಯಾನಿನ ಕೆಳಗೆ ನೇತುಹಾಕಿದರೆ ಚಳಿಗಾಲದ ಬೆಳಗಾವಿಯಲ್ಲಿ ಬೆಳಿಗ್ಗೆಗೆ ಒಣಗುತ್ತದೆ. ಪಣಜಿಯ ಹವೆಯಲ್ಲಿ ಆಗದ ಮಾತು. ಗೋವಾಕ್ಕೆ ಎರಡು ಚಡ್ಡಿ ಬೇಕೇ ಬೇಕು.

ಸೀಟಿನ ಮೇಲೆ ಹಾಕುವ ಜೆಲ್ ಕವರ್ ಮೊದಲ ಒಂದು ಗಂಟೆ ಸ್ವರ್ಗ. ಆಮೇಲೆ ಕೂರುವ ಎಲುಬು ಅದರೊಳಗೆ ಇಳಿದು, ಭಾರವೆಲ್ಲ ನಡುವಿನ ಮೆತ್ತನೆ ಜಾಗಕ್ಕೆ ಬೀಳುತ್ತದೆ, ಜೋಮು ಹಿಡಿಯುತ್ತದೆ. ಎಲುಬಿನ ಅಗಲಕ್ಕೆ ಹೊಂದುವ ಗಟ್ಟಿ ಸೀಟೇ ಸರಿ. ಅಳತೆ ಬೇಕಾದರೆ ರಟ್ಟಿನ ಡಬ್ಬಿಯ ತುಂಡಿನ ಮೇಲೆ ಕೂತೆದ್ದು, ಬಿದ್ದ ಎರಡು ಗುಳಿಗಳ ನಡುವಿನ ಅಂತರ ನೋಡಿ. ಚರ್ಮದ ಸೀಟು ಮೈಗೆ ಹೊಂದಿದ ಮೇಲೆ ಎಲ್ಲಕ್ಕಿಂತ ಮೇಲು ಅನ್ನುತ್ತಾರೆ, ನಿಜವೇ. ಆದರೆ ಹೊಂದಲು ನೂರಾರು ಕಿ.ಮೀ. ಬೇಕು, ಮಳೆಗೆ ನೆನೆದರೆ ಜೋತುಬೀಳುತ್ತದೆ. ಸಹ್ಯಾದ್ರಿಯ ಜೂನ್, ಜುಲೈಯಲ್ಲಿ ಅದನ್ನು ಕಾಪಾಡುತ್ತಾ ಕೂರುವವರು ಯಾರು! ಇವೆಲ್ಲಕ್ಕಿಂತ ಅಗ್ಗದ ಮದ್ದು ಸೀಟಿನ ಬೋಲ್ಟ್ ಸಡಿಲಿಸುವ ಅಲೆನ್ ಕೀ. ಪೆಡಲ್ ತುಳಿಯುವಾಗ ಸೊಂಟ ಆ ಕಡೆ ಈ ಕಡೆ ಓಲಾಡುತ್ತಿದ್ದರೆ ಸೀಟು ಎತ್ತರವಾಗಿದೆ ಅಂತಲೇ. ಮೂರ್ನಾಲ್ಕು ಮಿ.ಮೀ. ಇಳಿಸಿದರೂ ಗೊತ್ತಾಗುತ್ತದೆ.

ಒಂದು ವಿಚಿತ್ರ: ಹುಣ್ಣು ತರಿಸುವುದು ಘಾಟ್ ಅಲ್ಲ. ಘಾಟಿನಲ್ಲಿ ಎದ್ದು ನಿಂತು ತುಳಿಯುತ್ತೇವೆ, ಇಳಿಯುವಾಗ ಕುಂಡಿ ಎತ್ತುತ್ತೇವೆ. ಸಾತಾರಾದಿಂದ ಕೊಲ್ಹಾಪುರದ ತನಕದ ಸಪಾಟು ಹೈವೇಯಲ್ಲಿ ಅಲುಗಾಡದೆ ಕೂರುತ್ತೇವೆ, ಅಲ್ಲೇ ಎಡವಟ್ಟು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸುಮ್ನೆ ಎದ್ದು ನಿಲ್ಲಿ.

ಕೊನೆಗೆ ಒಂದು ಟ್ಯೂಬಿನ ವಿಷಯ. ಪುಣೆಯಲ್ಲಿ ಮರಾಠಿಯಲ್ಲಿ ಈ ಕಾಯಿಲೆ ಹೇಳಲು ನನಗೆ ನಾಚಿಕೆ. ನಿಪ್ಪಾಣಿಯ ಔಷಧಿ ಅಂಗಡಿಯಲ್ಲಿ ಆ ತೊಂದರೆಯಿಲ್ಲ.

"ಎಲ್ಲಿ ಆಗೇದ್ರೀ?"

"ಕೂಡೂ ಜಾಗದಾಗ್ರೀ."

"ಇದನ್ನ ಹಚ್ರೀ. ಎರಡು ದಿನದಾಗ ಕಮ್ಮಿ ಆಗ್ತದ."

ಕೊಟ್ಟಿದ್ದು ಸ್ಟೀರಾಯ್ಡ್, ಆಂಟಿಫಂಗಲ್, ಆಂಟಿಬಯಾಟಿಕ್ ಮೂರೂ ಸೇರಿದ ಟ್ಯೂಬ್. ಕ್ಲೋಬೆಟಾಸಾಲ್ ಅಂತ ಬರೆದಿತ್ತು, ಅದು ಬಲು ಜೋರಿನ ಸ್ಟೀರಾಯ್ಡ್, ವಾಪಸ್ ಕೊಟ್ಟೆ. ಉರಿ ಬೇಗ ಇಳಿಯುತ್ತದೆ, ಹೌದು. ಆದರೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಹುಳುಕಡ್ಡಿ ಇದ್ದರೆ ಒಳಗೊಳಗೇ ಹಬ್ಬುತ್ತದೆ. ಗಂಟು ಗಟ್ಟಿಯಾಗಿ ಕುರು ಕಟ್ಟಿದರೆ ಹಿಸುಕಬೇಡಿ. ಬಿಸಿನೀರಿನ ಬಟ್ಟೆಯ ಶಾಖ ಕೊಡಿ. ಕೀವು, ಜ್ವರ ಬಂದರೆ ಡಾಕ್ಟರ ಹತ್ತಿರವೇ ಹೋಗಬೇಕು. ಅವತ್ತಿಗೆ ಸವಾರಿ ಮುಗಿಯಿತು. ಬೆಳಗಾವಿಯಿಂದ ಪಣಜಿಗೆ ಬಸ್ಸಿದೆ, ಸೈಕಲ್ ಹೇರುವ ಬಗ್ಗೆ ಕಂಡಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.