ಎರಡಡಿ ಅಕ್ವೇರಿಯಂ ಸೆಟ್: ಗಾಜಿಗೆ ಪೂರ್ತಿ ಅಂಕ, ಫಿಲ್ಟರಿಗೆ ಇಲ್ಲ

ಮುಚ್ಚಳದೊಳಗೇ ಲೈಟು, ಫಿಲ್ಟರು ಎರಡೂ ಸೇರಿ ಬರುವ ಎರಡಡಿಯ ಸೆಟ್ ಇದು. ನಮ್ಮ ಚಾವಡಿಗೆ ಬಂದ ಮೇಲೆ ಮಳೆಗಾಲವನ್ನೂ ಕಂಡಿದೆ, ಏಪ್ರಿಲಿನ ಸೆಕೆಯನ್ನೂ ಕಂಡಿದೆ. ಅಳತೆ, ವ್ಯಾಟು ಎಲ್ಲ ಡಬ್ಬದ ಮೇಲೇ ಇರುವುದರಿಂದ ಅದನ್ನು ಬಿಡುತ್ತೇನೆ. ಹೇಳಬೇಕಾದ್ದು ಫಿಲ್ಟರಿನ ವಿಷಯ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬಾವಿ ನೀರು ಮತ್ತು ಮಳೆಗಾಲದ ಕರೆಂಟನ್ನು ನೆಚ್ಚಿಕೊಂಡವರು ಯಾರಾದರೂ ಇಂಥ ಸೆಟ್ ಕೊಳ್ಳುವ ಅಂದಾಜಿನಲ್ಲಿದ್ದರೆ ದಯವಿಟ್ಟು ಕೊನೆವರೆಗೆ ಓದಿ.

ಮೊದಲು ಒಳ್ಳೆಯದು. ಗಾಜು ದಪ್ಪ, ಸ್ವಚ್ಛ. ಸಿಲಿಕಾನ್ ಅಂಟು ಮೂಲೆಗಳಲ್ಲಿ ನೀಟಾಗಿ ಕೂತಿದೆ, ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಲೈಟು ಕಣ್ಣಿಗೆ ಚುಚ್ಚುವುದಿಲ್ಲ, ಮೀನಿನ ಬಣ್ಣ ಎದ್ದು ಕಾಣುತ್ತದೆ. ಜೊತೆಗೆ ಬಂದ ಹೀಟರ್ ಕಪಾಟಿನಲ್ಲಿದೆ. ನಮ್ಮ ಹವೆಗೆ ಅದು ಬೇಡವೇ ಬೇಡ.

ಇನ್ನು ಫಿಲ್ಟರು. ಒಳಗಿನ ಸಣ್ಣ ಪಂಪು ನೀರನ್ನು ಮುಚ್ಚಳದ ತಟ್ಟೆಗೆ ಎತ್ತುತ್ತದೆ. ಅಲ್ಲಿ ಬಿಳಿ ಹತ್ತಿಯಂಥ ಹಾಸು, ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇದೆ. ಅದನ್ನು ಹಾದು ನೀರು ಕೆಳಗೆ ಬೀಳುತ್ತದೆ. ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ತಿಂಗಳಿಗೊಮ್ಮೆ ಹಳೆ ಕಾರ್ಟ್ರಿಡ್ಜ್ ಎಸೆದು ಹೊಸದು ಹಾಕಿ. ನನ್ನ ತಕರಾರು ಈ ಒಂದು ಸಾಲಿನ ಮೇಲೆ.

ಮೀನಿನ ಹೇಲು, ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವು ಸರಿಯಾಗಿ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಂದರೆ ಬ್ಯಾಕ್ಟೀರಿಯಾ ಹಿಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದರ ಮನೆಯನ್ನೇ ಕಸದ ಬುಟ್ಟಿಗೆ ಹಾಕಿ ಎನ್ನುತ್ತದೆ ಕೈಪಿಡಿ. ಅವರು ಹೇಳಿದ ಹಾಗೆ ಬದಲಿಸಿದ ಮೇಲೆ ಅಮೋನಿಯಾ ಪರೀಕ್ಷೆಯ ಕೊಳವೆಯಲ್ಲಿ ಹಳದಿ ಇರಬೇಕಾದ ನೀರು ಹಸಿರಿಗೆ ತಿರುಗಿತು, ಅಂದರೆ ಅಮೋನಿಯಾ ಏರಿತ್ತು. ಟೆಟ್ರಾ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ದಿನಾ ಬಾಲ್ದಿಗಟ್ಟಲೆ ನೀರು ಬದಲಿಸಿ ಅವನ್ನು ಉಳಿಸಿಕೊಂಡದ್ದು. ಮೊದಲ ಸಲ ಮೀನು ಸಾಕುವ ಮಕ್ಕಳ ಮನೆಯಲ್ಲಿ ಹೀಗಾದರೆ ಏನು ಗತಿ? ‘ನಮ್ಮ ಕೈಗೆ ಮೀನು ಆಗಿಬರುವುದಿಲ್ಲ’ ಎಂದು ಟ್ಯಾಂಕನ್ನು ಅಟ್ಟಕ್ಕೆ ಹಾಕಿದವರನ್ನು ನಮ್ಮೂರಲ್ಲೇ ಕಂಡಿದ್ದೇನೆ. ಅವರ ಕೈಯದ್ದು ತಪ್ಪಲ್ಲ.

ಎರಡನೆಯದು ಕರೆಂಟು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ತೋಟದ ನಡುವೆ ಹಾದ ಲೈನಿನ ಮೇಲೆ ತೆಂಗಿನ ಮಡಲು ಬಿದ್ದರೆ ರಾತ್ರಿಯಿಡೀ ಕತ್ತಲು. ಆಗ ತಟ್ಟೆಯ ನೀರು ಪೂರ್ತಿ ಇಳಿದುಹೋಗಿ ಹಾಸು ಒಣಗಲು ತೊಡಗುತ್ತದೆ, ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಕರೆಂಟು ಬಂದರೂ ವೋಲ್ಟೇಜು ಕಡಿಮೆ ಇದ್ದರೆ ಪಂಪು ಗುಂಯ್ ಎನ್ನುತ್ತದೆ ಹೊರತು ತಿರುಗುವುದಿಲ್ಲ. ಮನೆಯ ಇನ್ವರ್ಟರಿಗೆ ಸಿಕ್ಕಿಸಿದರೂ ಅದೇ ರಾಗ, ಮೇಲಿಂದ ಬಿಸಿ. ಸಾದಾ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟು ಈ ಜಾತಿಯ ಮೋಟರಿಗೆ ಒಗ್ಗುವುದಿಲ್ಲ.

ಇಲ್ಲಿಗೆ ಸೆಟ್ಟನ್ನು ಮಾರಿಬಿಡುವ ಎನ್ನುವಷ್ಟು ಬೇಜಾರಾಗಿತ್ತು. ಆಗ ತಂದದ್ದು ಸ್ಪಂಜ್ ಫಿಲ್ಟರ್. ಇನ್ನೂರು ರೂಪಾಯಿಯ ಆಚೀಚೆ. ನೋಡಲು ಏನೇನೂ ಚಂದವಿಲ್ಲ: ಕಪ್ಪು ಸ್ಪಂಜಿನ ಉರುಳೆ, ನಡುವೆ ಒಂದು ಕೊಳವೆ, ಅದಕ್ಕೆ ಏರ್ ಪಂಪಿನ ಸಪೂರ ಪೈಪು. ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ಸ್ಪಂಜಿನ ಮೂಲಕ ನೀರನ್ನು ಎಳೆಯುತ್ತವೆ. ನೀರೊಳಗೆ ತಿರುಗುವ ಭಾಗವೇ ಇಲ್ಲ, ಹಾಗಾಗಿ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಯೂ ಇಲ್ಲ. ಏರ್ ಪಂಪು ಬ್ಯಾಟರಿ ಇರುವಂಥದ್ದು ತೆಗೆದುಕೊಳ್ಳಿ, ಕರೆಂಟು ಹೋದ ಕೂಡಲೇ ಅದು ತಾನಾಗಿ ಬ್ಯಾಟರಿಗೆ ಹಾರುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡುವುದಾದರೆ ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲವಾದರೆ ಪಂಪು ನಿಂತಾಗ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದೆ ಬಂದು ನೆಲಕ್ಕೆ ಇಳಿಯುತ್ತದೆ.

ಈಗ ಆದಿತ್ಯವಾರ ಬೆಳಗ್ಗೆ ಕಾಫಿ ಕುಡಿದು ನಾನು ಮಾಡುವ ಮೊದಲ ಕೆಲಸ ಆ ಸ್ಪಂಜು ಹಿಂಡುವುದು. ಟ್ಯಾಂಕಿನದೇ ನೀರನ್ನು ಬಾಲ್ದಿಗೆ ಸೈಫನ್ ಮಾಡಿ, ಅದರಲ್ಲಿ ಸ್ಪಂಜು ಮುಳುಗಿಸಿ ಮೆಲ್ಲ ಅದುಮಿದರೆ ಕಂದು ಮೋಡ ಬಿಡುತ್ತದೆ. ಹಿಂಡಿದಷ್ಟೂ ಬರುತ್ತದೆ, ಆದರೆ ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆಯಬಾರದು. ಜಿಗುಟು ಸ್ವಲ್ಪ ಉಳಿಯಬೇಕು, ಬ್ಯಾಕ್ಟೀರಿಯಾ ಇರುವುದು ಅದರಲ್ಲಿ. ಆ ಬಾಲ್ದಿ ನೀರು ಬಸಳೆ ಚಪ್ಪರದ ಬುಡಕ್ಕೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ, ನಮ್ಮ ಬಸಳೆಯ ದಂಟು ಈಗ ಹೆಬ್ಬೆರಳಿನ ದಪ್ಪ ಬಂದಿದೆ. ‘ಇವತ್ತು ಮೀನಿನ ನೀರು ತೆಗೆಯುವುದಿಲ್ಲವಾ?’ ಎಂದು ಅಮ್ಮನೇ ನೆನಪಿಸುತ್ತಾರೆ. ತೆಗೆದಷ್ಟು ನೀರನ್ನು ಹಿಂದಿನ ಸಂಜೆ ಬಾವಿಯಿಂದ ಸೇದಿಟ್ಟ ಬಾಲ್ದಿಯಿಂದ ತುಂಬುತ್ತೇನೆ. ಕ್ಲೋರಿನ್ ಇಲ್ಲದ ನೀರು, ಅದಕ್ಕೆಂದು ಔಷಧಿ ಕೊಳ್ಳುವ ಖರ್ಚಿಲ್ಲ.

ಬಾವಿ ನೀರಿನ ಬಗ್ಗೆ ಇನ್ನೊಂದು ಮಾತು, ಕೈಪಿಡಿಯವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ನಮ್ಮ ಮುರಕಲ್ಲಿನ ನೆಲದ ನೀರು ಮೆದು, ಆಮ್ಲದ ಕಡೆ ವಾಲಿದ್ದು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಬೇಕಾದ್ದು ಗಡಸು ನೀರು, ಅವು ಇಲ್ಲಿ ಸೊರಗುತ್ತವೆ. ಅಂಗಡಿಯಲ್ಲಿ ಹೊಸಬರಿಗೆ ಮೊದಲು ಹಿಡಿಸುವುದೂ ಅವನ್ನೇ. ಕಾರ್ಡಿನಲ್ ಟೆಟ್ರಾ ಹಾಗಲ್ಲ. ಅದರ ಮೂಲ ದಕ್ಷಿಣ ಅಮೆರಿಕದ ರಿಯೋ ನೀಗ್ರೋ ಕಡೆಯ ಎಲೆ ಕೊಳೆತು ಚಹಾ ಬಣ್ಣವಾದ ಆಮ್ಲೀಯ ಹೊಳೆಗಳು. ನಮ್ಮ ನೀರು ಅದಕ್ಕೆ ತವರು. ನಿಯಾನ್ ಟೆಟ್ರಾ ನೋಡಲು ಹೆಚ್ಚುಕಡಿಮೆ ಹಾಗೇ ಇದ್ದರೂ ಅದಕ್ಕೆ ತಂಪು ಬೇಕು. ನಮ್ಮ ಬೇಸಿಗೆಗೆ ಕಾರ್ಡಿನಲ್ಲೇ ಗಟ್ಟಿ, ರೇಟು ಸ್ವಲ್ಪ ಜಾಸ್ತಿಯಾದರೂ ಅಡ್ಡಿಯಿಲ್ಲ.

ಆದರೆ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 6ಕ್ಕಿಂತ ಕೆಳಗೆ ಜಾರಿದರೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ. ಅದಕ್ಕೆ ಅಂಗಡಿಯವರು ಪುಡಿ ಮಾರುತ್ತಾರೆ. ನಾನು ಮರುವಾಯಿ ಪುಂಡಿ ಮಾಡಿದ ದಿನ ಉಳಿದ ಚಿಪ್ಪನ್ನು ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಸುತ್ತಿಗೆಯಿಂದ ಕುಟ್ಟಿ ಒಂದು ಚಿಕ್ಕ ಬಲೆ ಚೀಲದಲ್ಲಿ ಸ್ಪಂಜಿನ ಪಕ್ಕ ಇಡುತ್ತೇನೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಆಮ್ಲವಾದಷ್ಟೂ ಬೇಗ ಕರಗಿ ಪಿಎಚ್ ಬೀಳದಂತೆ ಹಿಡಿಯುತ್ತದೆ. ಟೆಟ್ರಾ ಇರುವ ಟ್ಯಾಂಕಿಗೆ ಒಂದು ಚಮಚದಷ್ಟು ಸಾಕು.

ಅಲಂಕಾರದ ಸಾಮಾನು ಸೆಟ್ಟಿನೊಂದಿಗೆ ಬಂದದ್ದು ಗುಲಾಬಿ, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ. ಕಲ್ಲನ್ನು ತೊಳೆದ ನೀರಿಗೇ ಬಣ್ಣ ಇಳಿಯಿತು, ಅಲ್ಲಿಗೆ ಬಿಟ್ಟೆ. ಈಗ ಅಡಿಯಲ್ಲಿ ಚೆನ್ನಾಗಿ ತೊಳೆದ ಹೊಳೆ ಹೊಯಿಗೆ, ಒಂದು ಅರ್ಧ ಗೆರಟೆ ಬೋರಲು. ಗೆರಟೆಯನ್ನು ಕೆರೆದು, ನೀರು ಬದಲಿಸುತ್ತ ಕುದಿಸಿ, ಅಂಚಿನಲ್ಲಿ ಬಾಗಿಲು ಕೊರೆಯಬೇಕು. ತಳದಲ್ಲೇ ಓಡಾಡುವ ಕೋರಿಡೋರಸ್ ಮೀನುಗಳು ಹಗಲೆಲ್ಲ ಅದರೊಳಗೆ, ಮೀಸೆ ಮಾತ್ರ ಹೊರಗೆ. ಜಾವಾ ಫರ್ನ್ ಗಿಡವನ್ನು ಮರದ ತುಂಡಿಗೆ ದಾರದಲ್ಲಿ ಕಟ್ಟಿದ್ದೇನೆ, ಬೇರು ಹೊರಡುವ ಅಡ್ಡ ಕಾಂಡವನ್ನು ಹೊಯಿಗೆಯಲ್ಲಿ ಹುಗಿದರೆ ಅದು ಕೊಳೆಯುತ್ತದೆ. ಆನ್‌ಲೈನಿನಲ್ಲಿ ಪ್ಯಾಕೆಟು ಕಟ್ಟಿ ಮಾರುವ ಬಾದಾಮಿ ಎಲೆ ನಮ್ಮಲ್ಲಿ ಶಾಲೆಯ ಅಂಗಳದಲ್ಲೇ ಉದುರುತ್ತದೆ. ಒಣಗಿ ಕೆಂಪಾದದ್ದನ್ನು ಮಗಳು ಆರಿಸಿ ತರುತ್ತಾಳೆ, ತೊಳೆದು ಒಂದು ಹಾಕಿದರೆ ನೀರು ತೆಳು ಚಹಾ ಬಣ್ಣಕ್ಕೆ ಬಂದು ಕಾರ್ಡಿನಲ್‌ಗಳ ಕೆಂಪು ಗಾಢವಾಗುತ್ತದೆ. ಬಿಳಿ ಕಲ್ಲು ಇಡುವ ಆಸೆಯಿದ್ದರೆ ಮೊದಲು ಅದರ ಮೇಲೆ ವಿನೆಗರ್ ಬಿಟ್ಟು ನೋಡಿ. ನೊರೆ ಎದ್ದರೆ ಸುಣ್ಣದಂಶ ಇದೆ ಎಂದರ್ಥ, ಅದು ಟೆಟ್ರಾ ಟ್ಯಾಂಕಿಗೆ ಬೇಡ.

ಇದೇ ಅಳತೆಯ ಟ್ಯಾಂಕಿಗೆ ‘ಮಿಸ್ ಕೇರಳ’ ಕೊಡುತ್ತೇನೆ ಎನ್ನುವ ಅಂಗಡಿಗಳೂ ಇವೆ. ಒಪ್ಪಬೇಡಿ. ಪಶ್ಚಿಮ ಘಟ್ಟದ ಹೊಳೆಗಳ ಮೀನು ಅದು, ಅರ್ಧ ಅಡಿಯ ಹತ್ತಿರ ಬೆಳೆಯುತ್ತದೆ, ಗುಂಪಿನಲ್ಲಿ ಓಡಾಡಲು ನಾಲ್ಕಡಿಯಾದರೂ ಬೇಕು. ಹೊಳೆಯಿಂದ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದ ಜಾತಿಗಳ ಪಟ್ಟಿಗೂ ಸೇರಿದೆ.

ಬಜೆಟ್ ಬಿಗಿ ಇದ್ದವರು ಸೆಟ್ ಕೇಳಬೇಡಿ, ಅದೇ ಗಾಜಿನ ಬರೇ ಟ್ಯಾಂಕ್, ಲೈಟಿರುವ ಮುಚ್ಚಳ ಬೇರೆಯಾಗಿ ಕೊಡುತ್ತಾರೋ ಕೇಳಿ. ಉಳಿದ ಹಣದಲ್ಲಿ ಸ್ಪಂಜ್ ಫಿಲ್ಟರು, ಬ್ಯಾಟರಿ ಪಂಪು, ಅಮೋನಿಯಾ ಪರೀಕ್ಷೆಯ ಕಿಟ್ ಮೂರನ್ನೂ ಒಟ್ಟಿಗೇ ತನ್ನಿ. ಈಗಾಗಲೇ ಸೆಟ್ ತಂದಾಗಿದ್ದರೆ ಕಾರ್ಟ್ರಿಡ್ಜನ್ನು ಎಸೆಯದೆ ಟ್ಯಾಂಕಿನ ನೀರಲ್ಲೇ ಜಾಲಿಸಿ ಮತ್ತೆ ಹಾಕಿ. ಸ್ಪಂಜು ಜೊತೆಗೇ ಓಡಲಿ. ಒಂದೂವರೆ ತಿಂಗಳು ಕಳೆದು ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದೆ ಎಂದು ಖಾತ್ರಿಯಾದ ಮೇಲೆ ಮುಚ್ಚಳದ ಪಂಪಿನ ಪ್ಲಗ್ ಕಿತ್ತರಾಯಿತು.