ಪ್ರಾಶಸ್ತ್ಯ ಮತದ ಆನ್‌ಲೈನ್ ಸೇವೆ: ಎಣಿಕೆ ಚೊಕ್ಕ, ಮೊದಲ ಸುತ್ತು ಕುಂಟು

ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ಬಡಾವಣೆಯ ನಿವಾಸಿಗಳ ಸಂಘವು ಈ ಸಲದ ಅಧ್ಯಕ್ಷರ ಚುನಾವಣೆಯನ್ನು ಆನ್‌ಲೈನ್ ಮತದಾನ ಸೇವೆಯೊಂದಕ್ಕೆ ವಹಿಸಿತ್ತು. ಪಕ್ಷ, ಬಣಗಳ ಹಂಗಿಲ್ಲದೆ ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರಾಥಮಿಕ ಸುತ್ತಿನಲ್ಲಿ ಸ್ಪರ್ಧಿಸಬೇಕು. ಹೆಚ್ಚು ಮತ ಪಡೆದ ನಾಲ್ವರು ಅಂತಿಮ ಕಣಕ್ಕೆ ಬಂದಾಗ ಮತದಾರರು ಪ್ರಾಶಸ್ತ್ಯದ ಕ್ರಮದಲ್ಲಿ, ಅಂದರೆ ಹೆಚ್ಚು ಮೆಚ್ಚಿದವರಿಗೆ 1, ನಂತರದವರಿಗೆ 2 ಎಂಬಂತೆ ಅಂಕಿ ಕೊಟ್ಟು ಮತ ಹಾಕಬೇಕು. ಅಮೆರಿಕದ ಅಲಾಸ್ಕಾ ರಾಜ್ಯದ ಮತದಾರರು 2020ರಲ್ಲಿ ಒಪ್ಪಿ, 2022ರಲ್ಲಿ ಮೊದಲು ಬಳಸಿದ ಪದ್ಧತಿಯೂ ಇದೇ.

ಎಣಿಕೆಯ ಮಟ್ಟಿಗೆ ದೂರಲು ಏನೂ ಇಲ್ಲ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಬಾರದಿದ್ದಾಗ ಕೊನೆಯ ಸ್ಥಾನದಲ್ಲಿದ್ದವರನ್ನು ಕೈಬಿಟ್ಟು, ಅವರ ಮತಗಳು ಮುಂದಿನ ಪ್ರಾಶಸ್ತ್ಯದಂತೆ ಯಾರ್ಯಾರ ಪಾಲಾದವೆಂಬುದನ್ನು ಸಮುದಾಯ ಭವನದ ಪರದೆಯ ಮೇಲೆ ಬಣ್ಣದ ಪಟ್ಟಿಗಳಲ್ಲಿ ತೋರಿಸಿದರು. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರಕ್ಕೆ 2024ರ ಜೂನ್‌ನಲ್ಲಿ ನೇರಳೆ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಬರೆದು ಬಂದಿದ್ದವರೇ ಪಕ್ಕದವರಿಗೆಲ್ಲ ವಿವರಿಸಿದ್ದರಿಂದ ಕಂಪನಿಯ ಪ್ರತಿನಿಧಿಗೆ ಮಾತನಾಡುವ ಕೆಲಸವೇ ಉಳಿಯಲಿಲ್ಲ.

ಆದರೆ ವಿಧಾನ ಪರಿಷತ್ತಿನ ಮತಪತ್ರದಲ್ಲಿ ಮೊದಲ ಪ್ರಾಶಸ್ತ್ಯವಷ್ಟೇ ಕಡ್ಡಾಯ, ಮಿಕ್ಕವು ಮತದಾರರ ಇಚ್ಛೆ. ಈ ಆ್ಯಪ್ ಮಾತ್ರ ನಾಲ್ಕೂ ಹೆಸರಿಗೆ ಅಂಕಿ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ಸಣ್ಣ ಮೊಬೈಲ್‌ನಲ್ಲಿ ನಾಲ್ಕನೆಯ ಹೆಸರು ಪರದೆಯ ಕೆಳಗೆ ಅಡಗಿರುತ್ತದೆ. ಅದನ್ನು ಕಾಣದ ಹಿರಿಯರು ಗುಂಡಿ ಒತ್ತಿ ಒತ್ತಿ ಬೇಸತ್ತರು. ಬೇಡದವರಿಗೂ ಒಂದು ಅಂಕಿ ಕೊಡಲೇಬೇಕೆಂಬ ಒತ್ತಾಯ ನನಗೆ ಸರಿಕಾಣಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಪ್ರಾಥಮಿಕ ಸುತ್ತಿನದು. ಅಲ್ಲಿ ಒಬ್ಬರಿಗೆ ಒಂದೇ ಮತ. ನೀರಿನ ಸಮಸ್ಯೆಯನ್ನೇ ಮುಂದಿಟ್ಟುಕೊಂಡು ಒಂದೇ ಬೀದಿಯಿಂದ ನಿಂತ ಮೂವರು ಪರಸ್ಪರ ಮತ ಹಂಚಿಕೊಂಡು, ಮೂವರೂ ಹೊರಬಿದ್ದರು. ಇಲ್ಲಿಯೂ ಪ್ರಾಶಸ್ತ್ಯ ಕೇಳಿ, ನಾಲ್ವರು ಉಳಿಯುವವರೆಗೆ ಕೊನೆಯವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತ ಹೋಗಿದ್ದರೆ ಅವರಲ್ಲೊಬ್ಬರಾದರೂ ಅಂತಿಮ ಕಣದಲ್ಲಿರುವ ಸಾಧ್ಯತೆಯಿತ್ತು. ಅಲಾಸ್ಕಾದ ಪ್ರಾಥಮಿಕ ಸುತ್ತಿನಲ್ಲೂ ಒಂದೇ ಮತವೆಂದು ಪ್ರತಿನಿಧಿ ಸಮರ್ಥಿಸಿಕೊಂಡರು. ಮಾತು ನಿಜ, ಆದರೆ ಹಣ ಕೊಟ್ಟು ಸೇವೆ ಪಡೆಯುವ ಸಂಘಕ್ಕೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿರಬೇಕಲ್ಲವೇ?

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಸ್ಪರ್ಧಿಗಳು ನಾಲ್ವರನ್ನು ಮೀರದ ಸಂಘಗಳು ಪ್ರಾಥಮಿಕ ಸುತ್ತನ್ನು ಬಿಟ್ಟು ನೇರವಾಗಿ ಅಂತಿಮ ಸುತ್ತಿಗೆ ಇದನ್ನು ಬಳಸಬಹುದು. ಹಿರಿಯ ಸದಸ್ಯರಿದ್ದರೆ ಕಾಗದದ ಮತಪತ್ರದ ಸೌಲಭ್ಯವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.